ಐಸ್‌ಲ್ಯಾಂಡ್ ರಿಂಗ್ ರೋಡ್: ಅಮ್ಮ, ಮಗನ ಜೊತೆ ಕಾರಲ್ಲಿ ಸುತ್ತುವ ಪ್ಲ್ಯಾನ್, ನೋಡಿ ಹೇಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ 66, ಮಂಡಿ ನೋವಿದೆ. ಆದರೆ ಈ ಆಸೆ ಹುಟ್ಟಿದ್ದೇ ಅವರಿಂದ. ಟಿವಿಯಲ್ಲಿ ನೆಲ ಬಿರಿದು ಬೆಂಕಿ ಉಕ್ಕುವುದನ್ನು ನೋಡಿದ ದಿನದಿಂದ "ಆ ಊರಿಗೆ ಒಂದು ಸಲ ಹೋಗಬೇಕು ಕಣೆ" ಅಂತಿದ್ದಾರೆ.

ನಮ್ಮ ಲೆಕ್ಕ ಹೀಗಿದೆ. ದ್ವೀಪದ ಸುತ್ತ ಹೋಗುವ ಹೆದ್ದಾರಿ, ಅಂದರೆ ರಿಂಗ್ ರೋಡಿನಲ್ಲಿ, ಒಟ್ಟು ಏಳು ದಿನ. ಮೊದಲ ದಿನ ಗೋಲ್ಡನ್ ಸರ್ಕಲ್ (ಥಿಂಗ್ವೆಟ್ಲಿರ್ ಬಿರುಕು, ಗೇಸಿರ್ ಬಿಸಿನೀರ ಬುಗ್ಗೆ, ಗುಟ್ಲ್‌ಫಾಸ್ ಜಲಪಾತ) ಮುಗಿಸಿ ವೀಕ್ ತಲುಪುವುದು. ಎರಡನೇ ದಿನ ಯೋಕುಲ್‌ಸಾರ್ಲೋನ್ ಹಿಮಗಡ್ಡೆ ಸರೋವರ ನೋಡಿಕೊಂಡು ಹ್ಯೋಪ್ನ್. ಮೂರಕ್ಕೆ ಏಯ್ಲ್‌ಸ್ಟಾದಿರ್, ನಾಲ್ಕಕ್ಕೆ ಮೀವಾಟ್ನ್ ಸರೋವರ ದಾಟಿ ಅಕುರೇರಿ. ಐದು, ಆರನೇ ದಿನ ವಾಯವ್ಯದ ವೆಸ್ಟ್ ಫ್ಯೋರ್ಡ್ಸ್, ಪಶ್ಚಿಮದ ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪ. ಏಳಕ್ಕೆ ರೇಕ್ಯಾವಿಕ್. ಮ್ಯಾಪಿನಲ್ಲಿ ನೋಡಿದರೆ ದಿನಕ್ಕೆ ನಾಲ್ಕೈದು ಗಂಟೆ ಡ್ರೈವ್ ಅಷ್ಟೇ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವವರಿಗೆ ಇದೇನು ಜಾಸ್ತಿಯಲ್ಲ ಅನ್ನಿಸುತ್ತಿದೆ. ಆಗುತ್ತಾ?

ಡಬ್ಲಿನ್‌ವಾಸಿ:
ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏಳು ದಿನಕ್ಕೆ ಇಷ್ಟೆಲ್ಲ ಆಗುವುದಿಲ್ಲ. ಹೇಗೋ ಮುಗಿಸಿದರೂ ಏನೂ ನೋಡಿದ ಹಾಗಾಗುವುದಿಲ್ಲ.

ರಿಂಗ್ ರೋಡ್ ಒಂದೇ ಸುಮಾರು 1,322 ಕಿಲೋಮೀಟರ್. ಊರಾಚೆ ಟಾರು ರಸ್ತೆಯಲ್ಲಿ ಮಿತಿ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ಮ್ಯಾಪ್ ತೋರಿಸುವ ಸಮಯದಲ್ಲಿ ನೀವು ಫೋಟೋಗೆ ನಿಲ್ಲಿಸುವುದು, ಅಮ್ಮ ಇಳಿದು ಕಾಲು ಚಾಚುವುದು, ಗಾಳಿ ಬಂದಾಗ 60ಕ್ಕೆ ಇಳಿಯುವುದು ಯಾವುದೂ ಇಲ್ಲ. ಅಲ್ಲಿ ನೋಡುವ ಜಾಗಗಳೆಲ್ಲ ರಸ್ತೆಯ ಪಕ್ಕದಲ್ಲೇ ಸಾಲಾಗಿ ಬರುತ್ತವೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಲೇಬೇಕು ಅನ್ನಿಸುತ್ತದೆ.

ವೆಸ್ಟ್ ಫ್ಯೋರ್ಡ್ಸ್ ಪೂರ್ತಿ ಕೈಬಿಡಿ. ಅದಕ್ಕೇ ಬೇರೆ ಪ್ರವಾಸ ಬೇಕು. ಸ್ನೈಫೆಲ್ಸ್‌ನೆಸ್ ಕೂಡ ಬಿಡಿ. ಉಳಿದ ಸುತ್ತಿಗೆ ಒಂಬತ್ತು ರಾತ್ರಿ ಕೊಡಿ. ರಜೆ ಸಿಗದಿದ್ದರೆ ಸುತ್ತು ಹೊಡೆಯುವ ಯೋಚನೆಯನ್ನೇ ಬಿಟ್ಟು ದಕ್ಷಿಣ ತೀರದಲ್ಲಿ ಹ್ಯೋಪ್ನ್ ತನಕ ಹೋಗಿ ವಾಪಸ್ ಬನ್ನಿ. ಹೋದ ದಾರಿಯಲ್ಲೇ ವಾಪಸ್ ಬರುವುದು ನಷ್ಟ ಅಂತ ನಮ್ಮವರಿಗೆ ಒಂದು ಭಾವನೆ ಇದೆ. ಅಲ್ಲಿ ಹಾಗಲ್ಲ. ಬೆಳಿಗ್ಗೆ ಮೋಡ ಮುಚ್ಚಿದ್ದ ಹಿಮನದಿ ಮರುದಿನ ಸಂಜೆ ಪೂರ್ತಿ ತೆರೆದುಕೊಂಡಿರುತ್ತದೆ.

ಕಲ್ಲುಬಂಡೆ:
ಹ್ಯೋಪ್ನ್‌ನಿಂದ ವಾಪಸ್ ಬನ್ನಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮ್ಮನ ಆಸೆ ಜ್ವಾಲಾಮುಖಿ ಅಲ್ವಾ? ಹಾಗಾದರೆ ಉತ್ತರದ ಮೀವಾಟ್ನ್ ಬಿಟ್ಟರೆ ಆಗುವುದಿಲ್ಲ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು (ಭೂಮಿಯ ಹೊರಪದರದ ದೊಡ್ಡ ತುಂಡುಗಳು) ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ದೂರ ಸರಿಯುತ್ತಿವೆ. ಆ ಬಿರುಕಿನ ಸಾಲು ದ್ವೀಪದ ನಡುವೆಯೇ ಹಾದುಹೋಗುತ್ತದೆ. ನೈಋತ್ಯದಲ್ಲಿ ಅದನ್ನು ಥಿಂಗ್ವೆಟ್ಲಿರ್‌ನಲ್ಲಿ ನೋಡುತ್ತೀರಿ, ಉತ್ತರದಲ್ಲಿ ಮೀವಾಟ್ನ್ ಹತ್ತಿರ. ಥಿಂಗ್ವೆಟ್ಲಿರ್‌ನ ಬಂಡೆ ಗೋಡೆಗಳ ನಡುವೆ ನಡೆಯಲು ಚೆನ್ನಾಗಿ ದಾರಿ ಮಾಡಿದ್ದಾರೆ. 930ರಲ್ಲಿ ಐಸ್‌ಲ್ಯಾಂಡಿನ ಸಂಸತ್ತು ಸೇರಲು ಶುರುವಾಗಿದ್ದೂ ಅಲ್ಲೇ. ಆದರೆ ನೆಲ ಇನ್ನೂ ಬಿಸಿ ಇದೆ ಅಂತ ಕಾಲಿಗೆ ಗೊತ್ತಾಗುವುದು ಮೀವಾಟ್ನ್ ಕಡೆ.

ಅಲ್ಲಿ ಕ್ರಾಫ್ಲಾ ಅಂತ ಇದೆ. 1975ರಿಂದ 1984ರ ತನಕ ಒಂಬತ್ತು ಸಲ ಲಾವಾ ಉಕ್ಕಿಸಿದ ಜಾಗ. ಲೇರ್‌ನ್ಯೂಕುರ್ ಎಂಬ ಕಡೆ ಆ ಕಪ್ಪು ಲಾವಾದ ಸಂದಿಗಳಿಂದ ಇವತ್ತಿಗೂ ಹಬೆ ಏಳುತ್ತದೆ. ಅಲ್ಲಿ ನಡಿಗೆ ಏರುಪೇರು, ಅಮ್ಮನಿಗೆ ಕಷ್ಟ ಆಗಬಹುದು. ಆದರೆ ಪಕ್ಕದ ವೀತಿ ಕುಳಿಯ ಅಂಚಿಗೆ ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಸಾಕು. ಅದು 1724ರಲ್ಲಿ ಸ್ಫೋಟಿಸಿ ಆಗಿದ್ದು. ಆ ಸರಣಿಯ ಲಾವಾ 1729ರಲ್ಲಿ ರೇಕ್ಯಾಹ್ಲೀದ್ ಊರಿಗೆ ನುಗ್ಗಿ ಚರ್ಚನ್ನು ಮಾತ್ರ ಮುಟ್ಟದೆ ಸುತ್ತಿಕೊಂಡು ಹೋಯಿತು. ಚರ್ಚಿನ ಹತ್ತಿರ ಆ ಲಾವಾ ಈಗಲೂ ಹಾಗೇ ಬಿದ್ದಿದೆ.

ಮತ್ತೆ ಹ್ವೇರಿರ್. ರಿಂಗ್ ರೋಡಿನಿಂದ ಇಳಿದರೆ ಅಲ್ಲೇ ಪಾರ್ಕಿಂಗ್, ನೆಲ ಸಮತಟ್ಟು. ಬೂದು ಬಣ್ಣದ ಕೆಸರು ಒಲೆ ಮೇಲಿನ ರಾಗಿ ಅಂಬಲಿಯ ಹಾಗೆ ಕೊತಕೊತ ಕುದಿಯುತ್ತಿರುತ್ತದೆ. ಗುಳ್ಳೆ ನಿಧಾನವಾಗಿ ಉಬ್ಬಿ, ಒಡೆದು, ಸುತ್ತ ಒಂದು ಉಂಗುರ ಬಿಡುತ್ತದೆ. ಮುಂದಿನ ಗುಳ್ಳೆ ಅದೇ ಜಾಗದಲ್ಲಿ ಏಳುವುದಿಲ್ಲ, ಒಂದು ಗೇಣು ಪಕ್ಕದಲ್ಲಿ ಏಳುತ್ತದೆ. ನನಗೆ ಅಲ್ಲಿಂದ ಕಾಲು ಕೀಳಲಾಗಿರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಜೋರು, ಅಮ್ಮನ ಕೈಗೆ ಒಂದು ಕರ್ಚೀಫ್ ಕೊಡಿ. ಮಗನ ಕೈ ಮಾತ್ರ ಬಿಡಬೇಡಿ. ಹಗ್ಗದಾಚೆ ಮೇಲ್ಪದರ ತೆಳ್ಳಗಿರುತ್ತದೆ, ಕಾಲು ಹೂತರೆ ಕೆಳಗೆ ಕುದಿಯುವ ಮಣ್ಣು.

ತುಂಗಾತೀರ:
ಸರ್, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಮತ್ತೆ ಅಲ್ಲಿಗೇ ಹೋಗೋಣ" ಅಂದರು. ರಜೆ ಒಂಬತ್ತು ರಾತ್ರಿಗೆ ಹಿಗ್ಗಿಸಬಹುದು ಅಂತ ನಮ್ಮೆಜಮಾನರೂ ಹೇಳಿದರು. ಅಕುರೇರಿಗೆ ವಿಮಾನದಲ್ಲಿ ಹೋಗಿಬಿಟ್ಟರೆ ಹೇಗೆ?

ಕಲ್ಲುಬಂಡೆ:
ರೇಕ್ಯಾವಿಕ್ ಊರೊಳಗಿನ ವಿಮಾನ ನಿಲ್ದಾಣದಿಂದ ಮುಕ್ಕಾಲು ಗಂಟೆ. ಆದರೆ ಒಂಬತ್ತು ರಾತ್ರಿ ಇದ್ದರೆ ಅದರ ಅಗತ್ಯ ಇಲ್ಲ, ಕಾರಲ್ಲೇ ಸುತ್ತಿ.

ಹಳೇಚಾಲಕ:
ನಾನು ಓಡಿಸುವವರ ಕಡೆಯಿಂದ ಹೇಳುತ್ತೇನೆ. ಯಜಮಾನರಿಗೆ ಓದಲು ಕೊಡಿ.

ಮೊದಲು ಕಾಗದ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಜೊತೆಗೆ ನಮ್ಮ ಮೂಲ ಲೈಸೆನ್ಸ್ ಕಾರ್ಡ್ ಕೂಡ ಇರಬೇಕು, ಪರ್ಮಿಟ್ ಒಂದೇ ತೋರಿಸಿದರೆ ನಡೆಯುವುದಿಲ್ಲ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ, ಪಿನ್ ನೆನಪಿರಲಿ. ಹಳ್ಳಿ ಕಡೆ ಎಷ್ಟೋ ಪೆಟ್ರೋಲ್ ಬಂಕ್‌ಗಳಲ್ಲಿ ಯಾರೂ ಇರುವುದಿಲ್ಲ, ಮೆಷಿನ್‌ಗೆ ಕಾರ್ಡ್ ಹಾಕಿ ಪಿನ್ ಒತ್ತಬೇಕು. ಅರ್ಧ ಟ್ಯಾಂಕ್ ಆದ ಕೂಡಲೇ ತುಂಬಿಸಿ. ಪೂರ್ವ ಮತ್ತು ಈಶಾನ್ಯದಲ್ಲಿ ಬಂಕ್‌ಗಳು ದೂರ ದೂರ.

ಆಟೋಮ್ಯಾಟಿಕ್ ಕಾರು ಕೇಳಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕಿರುತ್ತದೆ. ಅದಕ್ಕೆ ಹೊಂದಿಕೊಳ್ಳುವಾಗ ಬಲಗೈಯಲ್ಲಿ ಗೇರ್ ಬದಲಾಯಿಸುವ ಕೆಲಸವೂ ಸೇರಿದರೆ ಗಮನ ಹರಿದುಹೋಗುತ್ತದೆ. ರೌಂಡಾಣ ಬಂದಾಗ ಇನ್ನೂ ಎಚ್ಚರ ಬೇಕು. ಎರಡು ಲೇನ್ ಇರುವ ಸರ್ಕಲ್‌ಗಳಲ್ಲಿ ಒಳಗಿನ ಲೇನಿನವರಿಗೆ ಹೊರಗೆ ಬರಲು ಮೊದಲ ಹಕ್ಕು. ಬೇರೆ ದೇಶದಲ್ಲಿ ಓಡಿಸಿದವರೂ ಇಲ್ಲಿ ತಬ್ಬಿಬ್ಬಾಗುತ್ತಾರೆ. ಹೆಡ್‌ಲೈಟ್ ಹಗಲಲ್ಲೂ ಹಾಕಿರಬೇಕು, ಅದು ಕಾನೂನು.

ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ದಕ್ಷಿಣ, ಪೂರ್ವದಲ್ಲಿ ಇನ್ನೂ ಇವೆ. "ಐನ್‌ಬ್ರೇದ್ ಬ್ರೂ" ಅಂತ ಹಳದಿ ಬೋರ್ಡ್ ಇರುತ್ತದೆ. ಸೇತುವೆಗೆ ಯಾರು ಹತ್ತಿರ ಇದ್ದಾರೋ ಅವರು ಮೊದಲು. ಎದುರಿನವರು ಹತ್ತಿರ ಬಂದಿದ್ದರೆ ನೀವು ಈಚೆಯ ಅಗಲದ ಜಾಗದಲ್ಲಿ ನಿಂತು ದಾರಿ ಬಿಡಿ. ನಮ್ಮ ಊರಿನ ಹಾಗೆ ಲೈಟ್ ಫ್ಲ್ಯಾಶ್ ಮಾಡಿದರೆ "ನಾನು ಬರ್ತೀನಿ" ಅಂತ ಅರ್ಥ ಆಗಲ್ಲ, "ನೀವು ಬನ್ನಿ" ಅಂತ ತಿಳಿದುಕೊಳ್ಳುತ್ತಾರೆ.

ಇನ್ನೊಂದು, ಕುರಿ. ಬೇಸಿಗೆಯಲ್ಲಿ ಬೇಲಿ ಇಲ್ಲದೆ ಮೇಯುತ್ತಿರುತ್ತವೆ. ತಾಯಿ ರಸ್ತೆಯ ಒಂದು ಪಕ್ಕ, ಮರಿ ಇನ್ನೊಂದು ಪಕ್ಕ ಇದ್ದರೆ ನಿಮ್ಮ ಕಾರು ಹತ್ತಿರ ಬಂದ ಕ್ಷಣದಲ್ಲಿ ಮರಿ ತಾಯಿ ಕಡೆ ಓಡುತ್ತದೆ. ಹಾಗೆ ಕಂಡ ಕೂಡಲೇ ವೇಗ ಇಳಿಸಿ.

ಮಲ್ಪೆಯವ:
ಗಾಳಿ ಬಗ್ಗೆ ಯಾರೂ ಹೇಳಲಿಲ್ಲ!

ಹಳೇಚಾಲಕ:
ಅದಕ್ಕೇ ಬರುತ್ತಿದ್ದೆ. ಐಸ್‌ಲ್ಯಾಂಡಲ್ಲಿ ನಾನು ಹೆದರುವುದು ಗಾಳಿಗೆ ಮಾತ್ರ. ಲಾವಾ ಎಲ್ಲಿ ಬರುತ್ತದೆ ಅಂತ ಸಾಮಾನ್ಯವಾಗಿ ಮೊದಲೇ ಎಚ್ಚರಿಕೆ ಕೊಟ್ಟು ರಸ್ತೆ ಮುಚ್ಚುತ್ತಾರೆ. ಗಾಳಿ ಒಂದು ತಿರುವು ದಾಟುವಷ್ಟರಲ್ಲಿ ಬಂದು ಹೊಡೆಯುತ್ತದೆ.

ಸ್ಕೋಗಾಫಾಸ್ ಜಲಪಾತದ ಪಾರ್ಕಿಂಗ್‌ನಲ್ಲಿ ನನ್ನ ಕಣ್ಣೆದುರೇ ನಡೆದಿದ್ದು. ಪಕ್ಕದ ಕಾರಿನವರು ಬಾಗಿಲು ತೆರೆದರು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಬಾಗಿಲು ಕೈತಪ್ಪಿ ಪೂರ್ತಿ ಮುಂದಕ್ಕೆ ಹೋಗಿ ಬಾನೆಟ್ ಪಕ್ಕದ ತಗಡಿಗೆ ಬಡಿಯಿತು. ಕೀಲು ಬಾಗಿ ಬಾಗಿಲು ಮತ್ತೆ ಮುಚ್ಚಲೇ ಇಲ್ಲ, ಹಗ್ಗ ಕಟ್ಟಿಕೊಂಡು ಹೊರಟರು. ಹೆಚ್ಚಿನ ಇನ್ಶೂರೆನ್ಸ್‌ಗಳು ಇದನ್ನು ಕೊಡುವುದಿಲ್ಲ, ಪೂರ್ತಿ ಕೈಯಿಂದಲೇ. ಹಾಗಾಗಿ ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ. ಒಬ್ಬೊಬ್ಬರೇ ಇಳಿಯಿರಿ, ಎರಡೂ ಕೈಯಲ್ಲಿ ಬಾಗಿಲು ಹಿಡಿದುಕೊಳ್ಳಿ. ಮಗನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಬಿಡಿ, ಹೊರಗಿನಿಂದ ನೀವೇ ತೆಗೆಯಿರಿ.

ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತಾರೆ. 15 ಅಂದರೆ ಗಂಟೆಗೆ 54 ಕಿಲೋಮೀಟರ್, 20 ಅಂದರೆ 72. ಹದಿನೈದು ದಾಟಿದರೆ ನಿಧಾನ ಮಾಡಿ, ಇಪ್ಪತ್ತು ದಾಟಿದರೆ ಹೊರಡಲೇಬೇಡಿ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಎರಡು ತಾಣ ನೋಡಬೇಕು. ಹವಾಮಾನಕ್ಕೆ ವೇದುರ್ ಡಾಟ್ ಐಎಸ್ (vedur.is), ರಸ್ತೆಗೆ ಉಂಫೆರ್ದಿನ್ ಡಾಟ್ ಐಎಸ್ (umferdin.is). ಇವೆರಡೂ ನೋಡದೆ ಕಾರಿನ ಕೀಲಿ ಮುಟ್ಟಬಾರದು.

ಡಬ್ಲಿನ್‌ವಾಸಿ:
ಇದಕ್ಕೇ ನಾನು ಒಂಬತ್ತು ರಾತ್ರಿ ಅಂದಿದ್ದು. ಬಿಡುವು ಇಟ್ಟುಕೊಳ್ಳಿ ಅಂದರೆ ರೂಮ್ ಬುಕ್ ಮಾಡದೆ ಹೋಗಿ ಅಂತಲ್ಲ. ಬೇಸಿಗೆಯಲ್ಲಿ ವೀಕ್, ಹ್ಯೋಪ್ನ್, ಮೀವಾಟ್ನ್ ಸುತ್ತ ರೂಮುಗಳು ತಿಂಗಳುಗಳ ಮುಂಚೆ ತುಂಬುತ್ತವೆ. ಬಿಡುವು ಅಂದರೆ ಒಂದೊಂದು ಕಡೆ ಎರಡೆರಡು ರಾತ್ರಿ. ಒಂದು ದಿನ ಗಾಳಿಮಳೆಗೆ ಹೋದರೂ ಮರುದಿನ ಅದೇ ಊರಿನಿಂದ ನೋಡಬಹುದು, ಮುಂದಿನ ಬುಕಿಂಗ್ ಯಾವುದೂ ಕೆಡುವುದಿಲ್ಲ.

ಈ ರಸ್ತೆಯ ಇತಿಹಾಸವೇ ಅದನ್ನು ಹೇಳುತ್ತದೆ. ಸ್ಕೇದರಾ ನದಿಗೆ ಸೇತುವೆ ಆಗಿ ಸುತ್ತು ಪೂರ್ತಿಯಾಗಿದ್ದೇ 1974ರಲ್ಲಿ. 1996ರಲ್ಲಿ ವಾಟ್ನಾಯೋಕುಲ್ ಹಿಮರಾಶಿಯ ಕೆಳಗೆ ಜ್ವಾಲಾಮುಖಿ ಸ್ಫೋಟಿಸಿತು. ಕರಗಿದ ನೀರು ಒಳಗೇ ತುಂಬಿಕೊಂಡು ನವೆಂಬರ್‌ನಲ್ಲಿ ಒಮ್ಮೆಲೇ ಹೊರಗೆ ನುಗ್ಗಿತು. ಸೇತುವೆಗಳು ಕೊಚ್ಚಿಹೋದವು. ತಿರುಚಿದ ಉಕ್ಕಿನ ತೊಲೆಗಳನ್ನು ಸ್ಕಾಫ್ಟಾಫೆಟ್ಲ್ ಹತ್ತಿರ ರಸ್ತೆ ಪಕ್ಕದಲ್ಲೇ ಇಟ್ಟಿದ್ದಾರೆ. ಮಗನಿಗೆ ತೋರಿಸಿ, ಒಂದೊಂದು ತೊಲೆಯ ದಪ್ಪ ನೋಡಿದರೆ ನೀರಿನ ಬಲ ಅರ್ಥವಾಗುತ್ತದೆ. 2011ರ ಜುಲೈನಲ್ಲಿ ವೀಕ್‌ನ ಪೂರ್ವಕ್ಕೆ ಮೂಲಾಕ್ವಿಸ್ಲ್ ಸೇತುವೆಯೂ ಹೀಗೇ ಹೋಯಿತು. ಪ್ರವಾಸಿಗಳು ತುಂಬಿದ ಕಾಲ, ರಿಂಗ್ ರೋಡೇ ಎರಡು ತುಂಡು. ಒಂದು ವಾರದಲ್ಲಿ ತಾತ್ಕಾಲಿಕ ಸೇತುವೆ ಕಟ್ಟಿದರು ಅನ್ನಿ.

ಎರೆಮಣ್ಣು:
ರೇಕ್ಯಾನೆಸ್ ಕಡೆ ಈಗ ಲಾವಾ ಹರಿಯುತ್ತಾ? ಟಿವಿಯಲ್ಲಿ ತೋರಿಸುವುದು ಅದೇ ಅಲ್ವಾ?

ಕಲ್ಲುಬಂಡೆ:
ಹೌದು, ಟಿವಿಯಲ್ಲಿ ತೋರಿಸುವುದು ಅದೇ ಪರ್ಯಾಯ ದ್ವೀಪ. 2021ರ ಮಾರ್ಚ್‌ನಲ್ಲಿ ಫಾಗ್ರಾದಾಲ್ಸ್‌ಫ್ಯಾಟ್ಲ್‌ನಲ್ಲಿ ಶುರುವಾಯಿತು, ಅದಕ್ಕೆ ಮುಂಚೆ ಆ ಪರ್ಯಾಯ ದ್ವೀಪದಲ್ಲಿ ಸುಮಾರು 800 ವರ್ಷ ಸ್ಫೋಟವೇ ಇರಲಿಲ್ಲ. 2023ರ ನವೆಂಬರ್ 10ರ ರಾತ್ರಿ ಗ್ರಿಂದಾವೀಕ್ ಊರನ್ನೇ ಖಾಲಿ ಮಾಡಿಸಿದರು. ಡಿಸೆಂಬರ್‌ನಿಂದ ಊರಿನ ಉತ್ತರಕ್ಕೆ ಮೇಲಿಂದ ಮೇಲೆ ಬಿರುಕು ಬಾಯಿಬಿಟ್ಟಿದೆ. 2024ರ ಜನವರಿಯಲ್ಲಿ ಮನೆಗಳು ಸುಟ್ಟವು, ಫೆಬ್ರವರಿಯಲ್ಲಿ ಬಿಸಿನೀರಿನ ಪೈಪ್ ಹೋಯಿತು, ನವೆಂಬರ್‌ನಲ್ಲಿ ಬ್ಲೂ ಲಗೂನ್ ಎಂಬ ಬಿಸಿನೀರಿನ ಸ್ನಾನದ ಕೊಳದ ಪಾರ್ಕಿಂಗ್ ಲಾವಾದ ಕೆಳಗೆ ಹೂತಿತು.

ಹೆಚ್ಚಿನ ಸ್ಫೋಟಗಳು ಕೆಲವು ದಿನ ಇಲ್ಲವೇ ವಾರ ಇರುತ್ತವೆ, ಆಮೇಲೆ ನಿಲ್ಲುತ್ತವೆ. ಹಾಗಾಗಿ ಬೆಂಕಿ ಕಾಣುತ್ತದೆ ಅಂತ ಲೆಕ್ಕ ಹಾಕಿ ಟಿಕೆಟ್ ಮಾಡಬೇಡಿ. ಅಮ್ಮನಿಗೆ ಈಗಲೇ ಮೆಲ್ಲಗೆ ಹೇಳಿಡಿ. ನೀವು ಹೋದಾಗ ಇದ್ದರೂ ಸೇಫ್‌ಟ್ರಾವೆಲ್ ಡಾಟ್ ಐಎಸ್ (safetravel.is) ತಾಣ ನೋಡಿ, ಬಿಟ್ಟಿರುವ ಜಾಗದಿಂದಷ್ಟೇ ನೋಡಿ. ಹೊಸ ಲಾವಾ ಮೇಲೆ ಕಪ್ಪಗೆ ಗಟ್ಟಿಯಾಗಿ ಕಂಡರೂ ಒಳಗೆ ಕೆಂಡ. ವಿಷಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ. ಮಕ್ಕಳು ಎತ್ತರದಲ್ಲಿ ಕಡಿಮೆ, ಅವರಿಗೇ ಮೊದಲು ಅಪಾಯ.

ಕಾರಿನಿಂದ ಇಳಿಯದೆ ಲಾವಾದ ಅಗಾಧತೆ ನೋಡಬೇಕೆಂದರೆ ಎಲ್ದ್‌ಹ್ರೌನ್ ಲಾವಾ ಬಯಲು. ವೀಕ್ ದಾಟಿ ಕಿರ್ಕ್ಯುಬೈಯಾರ್‌ಕ್ಲೌಸ್ತುರ್ ಕಡೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಬರುತ್ತದೆ. 1783ರ ಜೂನ್ 8ಕ್ಕೆ ಲಾಕಿ ಬಿರುಕು ಬಾಯಿಬಿಟ್ಟಿತು, ಎಂಟು ತಿಂಗಳು ಉಗುಳಿತು. ವಿಷದ ಹುಲ್ಲು ತಿಂದು ಕುರಿ, ದನ ಸತ್ತವು. ಆಮೇಲಿನ ಬರಗಾಲದಲ್ಲಿ ದೇಶದ ಸುಮಾರು ಐದನೇ ಒಂದು ಪಾಲು ಜನ ಹೋದರು. ಆ ಲಾವಾ ಮೇಲೆ ಈಗ ಗೇಣುದ್ದ ದಪ್ಪದ ಬೂದು-ಹಸಿರು ಪಾಚಿ. ಮುಟ್ಟಿದರೆ ಮೆತ್ತಗೆ, ಒಳಗೆ ಒದ್ದೆ. ಕೈಯಿಂದ ಮುಟ್ಟಿ ಸಾಕು. ಕಾಲಿಟ್ಟು ಕಿತ್ತುಬಂದರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಅದರ ಮೇಲೆ ಹೆಸರು ಕೆತ್ತಿ ಹೋಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಎರೆಮಣ್ಣು:
ನಮ್ಮ ಬಿಜಾಪುರದ ಎರೆಭೂಮಿ ಕೂಡ ಲಾವಾ ಕಲ್ಲಿಂದಲೇ ಆಗಿದ್ದು ಅಂತ ಓದಿದ್ದೆ. ಗೋಲಗುಮ್ಮಟದ ಕಲ್ಲೂ ಅದೇ.

ಕಲ್ಲುಬಂಡೆ:
ನಿಜ. ಡೆಕ್ಕನ್ ಟ್ರ್ಯಾಪ್ ಎಂಬ ಹಳೇ ಲಾವಾ ಹಾಸಿನ ದಕ್ಷಿಣದ ಅಂಚು ನಿಮ್ಮ ಕಡೆ ಬರುತ್ತದೆ, ಸುಮಾರು 6.6 ಕೋಟಿ ವರ್ಷ ಹಳೆಯದು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳು ಅದಕ್ಕೂ ಹಿಂದಿನವು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲ. ಐಸ್‌ಲ್ಯಾಂಡಿನ ಅತಿ ಹಳೆಯ ಕಲ್ಲಿಗೆ ಒಂದೂವರೆ ಕೋಟಿ ವರ್ಷದ ಆಸುಪಾಸು ಅಷ್ಟೇ. ಹೋಗುವ ಮುಂಚೆ ಮಗನನ್ನು ಒಂದು ಸಲ ಮಲ್ಪೆಗೆ ಕರೆದುಕೊಂಡು ಹೋಗಿ. ಆಮೇಲೆ ವೀಕ್ ಹತ್ತಿರದ ರೇನಿಸ್‌ಫ್ಯಾರಾ ತೀರದಲ್ಲಿ, ಸ್ವಾರ್ತಿಫಾಸ್ ಜಲಪಾತದಲ್ಲಿ ಅದೇ ಥರದ ಕಂಬ ಕಂಡಾಗ ಅವನೇ ನಿಮಗೆ ಹೇಳುತ್ತಾನೆ.

ಮಲ್ಪೆಯವ:
ರೇನಿಸ್‌ಫ್ಯಾರಾ ಬಗ್ಗೆ ಒಂದು ಮಾತು. ಕಡಲ ತೀರದಲ್ಲೇ ಹುಟ್ಟಿ ಬೆಳೆದವನು ಹೇಳುತ್ತಿದ್ದೇನೆ, ಆ ಕಪ್ಪು ಮರಳಿನ ತೀರ ನಮ್ಮ ಕಡಲಿನ ಹಾಗಲ್ಲ. ಹತ್ತು ಅಲೆ ಸಣ್ಣದಾಗಿ ಬರುತ್ತದೆ, ಹನ್ನೊಂದನೆಯದು ಇದ್ದಕ್ಕಿದ್ದಂತೆ ಎಷ್ಟೋ ಮೇಲಕ್ಕೆ ಬಂದು ನಿಂತವರನ್ನು ಎಳೆದುಕೊಂಡು ಹೋಗುತ್ತದೆ. ತೀರದ ಇಳಿಜಾರು ಕಡಿದು, ನೀರು ಕೊರೆಯುವ ತಣ್ಣಗೆ. ಜನ ಸತ್ತಿದ್ದಾರೆ, ಮಕ್ಕಳೂ ಸೇರಿ. ದಾರಿಯಲ್ಲಿ ಎಚ್ಚರಿಕೆ ದೀಪ ಇದೆ. ಕೆಂಪು ಇದ್ದರೆ ಮೇಲೆಯೇ ನಿಂತು ನೋಡಿ. ಯಾವ ಬಣ್ಣ ಇದ್ದರೂ ಮಗ ನೀರಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲುವುದು ಬೇಡ.

ತುಂಗಾತೀರ:
ಖಂಡಿತ. ಓದುತ್ತಲೇ ಎದೆ ಝಲ್ ಅಂತು. ಇನ್ನೆರಡು ಪ್ರಶ್ನೆ. ಫೋರ್ ವೀಲ್ ಡ್ರೈವ್ ಬೇಕಾ? ಮತ್ತೆ ಊಟ? ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಹಳೇಚಾಲಕ:
ಜೂನ್ ಕೊನೆಯಲ್ಲಿ ರಿಂಗ್ ರೋಡಿಗಷ್ಟೇ ಆದರೆ ಸಾಮಾನ್ಯ ಕಾರು ಸಾಕು. ಎಫ್ ಅಕ್ಷರದಿಂದ ಶುರುವಾಗುವ ರಸ್ತೆಗಳು ಒಳನಾಡಿನವು, ಅಲ್ಲಿಗೆ ಫೋರ್ ವೀಲ್ ಕಡ್ಡಾಯ. ಸೇತುವೆ ಇಲ್ಲದ ಹೊಳೆ ದಾಟಬೇಕು, ಹೊಳೆಯಲ್ಲಿ ಇಂಜಿನ್‌ಗೆ ನೀರು ಹೋದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬರುವುದಿಲ್ಲ. ಅಮ್ಮನ ಜೊತೆ ಅದು ಬೇಡ. ಆದರೆ ನೆಲದಿಂದ ಸ್ವಲ್ಪ ಎತ್ತರದ ಕಾರು ತೆಗೆದುಕೊಳ್ಳಿ. ಮಂಡಿ ನೋವಿದ್ದವರಿಗೆ ಕೆಳಗೆ ಕುಸಿದು ಕೂರುವ ಸೀಟಿಗಿಂತ ಅದು ವಾಸಿ. ಜಲ್ಲಿ ಸಿಡಿತಕ್ಕೆ ಇನ್ಶೂರೆನ್ಸ್ ಹಾಕಿಸಿ. ದಕ್ಷಿಣದ ಮರಳು ಬಯಲುಗಳಲ್ಲಿ ಗಾಳಿ ಎದ್ದರೆ ಮರಳು, ಬೂದಿ ಬಂದು ಕಾರಿನ ಬಣ್ಣವನ್ನೇ ತೀಡಿಬಿಡುತ್ತದೆ, ಅದಕ್ಕೂ ಬೇರೆ ಇನ್ಶೂರೆನ್ಸ್ ಇದೆ. ರಸ್ತೆ ಬಿಟ್ಟು ಒಂದು ಚಕ್ರವನ್ನೂ ಇಳಿಸಬೇಡಿ. ದಂಡ ಭಾರಿ, ಚಕ್ರದ ಗುರುತು ಆ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಡಬ್ಲಿನ್‌ವಾಸಿ:
ಊಟಕ್ಕೆ ಅಡುಗೆಮನೆ ಇರುವ ಮನೆಗಳನ್ನೇ ಬುಕ್ ಮಾಡಿ. ಸಸ್ಯಾಹಾರಿಗಳಿಗೆ ಇದೊಂದೇ ನೆಮ್ಮದಿಯ ದಾರಿ. ಬೋನುಸ್, ಕ್ರೋನಾನ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ, ಹಾಲು, ಬ್ರೆಡ್ ಸಿಗುತ್ತದೆ. ಸ್ಕೀರ್ ಅಂತ ಗಟ್ಟಿ ಮೊಸರಿನ ಥರದ್ದು ಸಿಗುತ್ತದೆ, ಆದರೆ ಕೆಲವು ಬ್ರ್ಯಾಂಡ್‌ಗಳಲ್ಲಿ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು) ಇರುತ್ತದೆ, ಅಮ್ಮನಿಗೆ ಕೊಡುವ ಮುಂಚೆ ಡಬ್ಬಿ ಓದಿ. ಸಾರಿನ ಪುಡಿ, ಹುರಿದ ರವೆ, ಅವಲಕ್ಕಿ, ಉಪ್ಪಿನಕಾಯಿ ಮನೆಯಿಂದ ಒಯ್ಯಿರಿ. ಒಬ್ಬೊಬ್ಬರಿಗೆ ಮೂರು ಕೆಜಿ ದಾಟದ ಹಾಗೆ ನೋಡಿಕೊಳ್ಳಿ. ಒಂದು ಸಣ್ಣ ಕುಕ್ಕರ್ ಇಟ್ಟುಕೊಂಡರೆ ಅಮ್ಮ ಖುಷಿಯಾಗಿರುತ್ತಾರೆ. ಬಾಟಲಿ ನೀರು ಕೊಳ್ಳಬೇಡಿ, ತಣ್ಣೀರಿನ ನಲ್ಲಿ ನೀರು ಬಹಳ ಚೆನ್ನಾಗಿದೆ. ಬಿಸಿನೀರಿನ ನಲ್ಲಿ ಗಂಧಕದ ವಾಸನೆ ಬರುತ್ತದೆ, ಅದು ಸ್ನಾನಕ್ಕೆ.

ಕಣ್ಣಿಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ ಎಲ್ಲರಿಗೂ ಒಂದೊಂದು ತನ್ನಿ. ಆ ದಿನಗಳಲ್ಲಿ ರಾತ್ರಿ ಕತ್ತಲಾಗುವುದೇ ಇಲ್ಲ, ಮಗ ಮಲಗಲ್ಲ ಅಂತ ಹಟ ಹಿಡಿಯುತ್ತಾನೆ. ಮೀವಾಟ್ನ್‌ಗೆ ಮುಖಕ್ಕೆ ಹಾಕುವ ಸೊಳ್ಳೆ ಬಲೆಯೂ ಬೇಕು. ಅಲ್ಲಿನ ಗುಂಗುರು ಹುಳ ಮೂಗು, ಕಿವಿಗೆ ನುಗ್ಗುತ್ತದೆ.

ವೀಸಾ ಷೆಂಗೆನ್, ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಇದನ್ನು ಮೊದಲು ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ತುಂಗಾತೀರ:
ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಪ್ಲ್ಯಾನ್ ಮತ್ತೆ ಬರೆದೆವು. ಇಳಿದ ದಿನ ದೂರ ಓಡಿಸದೆ ಸೆಲ್ಫಾಸ್‌ನಲ್ಲಿ ಎರಡು ರಾತ್ರಿ. ಅಲ್ಲಿಂದಲೇ ಥಿಂಗ್ವೆಟ್ಲಿರ್, ಗೇಸಿರ್, ಗುಟ್ಲ್‌ಫಾಸ್, ಕೇರಿದ್ ಕುಳಿ. ವೀಕ್ ಹತ್ತಿರ ಎರಡು ರಾತ್ರಿ. ಎಲ್ದ್‌ಹ್ರೌನ್, ಯೋಕುಲ್‌ಸಾರ್ಲೋನ್ ನೋಡಿಕೊಂಡು ಹ್ಯೋಪ್ನ್‌ನಲ್ಲಿ ಒಂದು. ಏಯ್ಲ್‌ಸ್ಟಾದಿರ್ ಒಂದು. ಮೀವಾಟ್ನ್ ಎರಡು. ಕೊನೆಯ ರಾತ್ರಿ ರೇಕ್ಯಾವಿಕ್. ಅಕುರೇರಿಯಿಂದ ರೇಕ್ಯಾವಿಕ್‌ಗೆ ಒಂದೇ ದಿನ 388 ಕಿಲೋಮೀಟರ್ ಆಗುತ್ತದೆ, ಮೀವಾಟ್ನ್‌ನಿಂದ ಅಂದರೆ ಇನ್ನೂ ಜಾಸ್ತಿ. ಅದೊಂದು ದಿನ ಅಮ್ಮನಿಗೆ ಕಷ್ಟ ಆಗಬಹುದಾ?

ಡಬ್ಲಿನ್‌ವಾಸಿ:
ಈಗ ಪ್ಲ್ಯಾನ್ ಚೆನ್ನಾಗಿದೆ. ಹೌದು, ಆ ಒಂದು ದಿನ ಉದ್ದ. ರಜೆ ಇನ್ನೊಂದು ದಿನ ಸಿಕ್ಕಿದರೆ ಬ್ಲೋಂಡುಓಸ್‌ನಲ್ಲೋ ಬೋರ್ಗಾರ್‌ನೆಸ್‌ನಲ್ಲೋ ಒಂದು ರಾತ್ರಿ ಸೇರಿಸಿ. ಸಿಗದಿದ್ದರೆ ಏಯ್ಲ್‌ಸ್ಟಾದಿರ್ ರಾತ್ರಿಯನ್ನು ಹಾಗೇ ಇಟ್ಟು, ಮೀವಾಟ್ನ್‌ನ ಎರಡನೇ ರಾತ್ರಿಯನ್ನು ಅಕುರೇರಿಗೆ ಬದಲಾಯಿಸಿ.

ಕಲ್ಲುಬಂಡೆ:
ಮೀವಾಟ್ನ್ ರಾತ್ರಿ ಕಡಿಮೆ ಮಾಡಬೇಡಿ ಅಂತ ನನ್ನ ಕೋರಿಕೆ. ದಕ್ಷಿಣದಲ್ಲಿ ಸೆಲ್ಫಾಸ್‌ನಿಂದ ಒಂದು ರಾತ್ರಿ ಕಡಿಮೆ ಮಾಡಿ, ಅದನ್ನು ಬೋರ್ಗಾರ್‌ನೆಸ್‌ಗೆ ಕೊಡಿ. ದಾರಿಯಲ್ಲಿ ಗ್ರಾಬ್ರೋಕ್ ಕುಳಿ ಇದೆ, ರಸ್ತೆ ಪಕ್ಕದಲ್ಲೇ. ಮೆಟ್ಟಿಲು ಮಾಡಿದ್ದಾರೆ. ಅಮ್ಮ ಕೆಳಗೆ ಕೂರಲಿ, ಮಗ ಹತ್ತಲಿ.

ಹಳೇಚಾಲಕ:
ಕಲ್ಲುಬಂಡೆ ಅವರ ಲೆಕ್ಕಕ್ಕೆ ನನ್ನ ಓಟು. ಉದ್ದದ ದಿನ ಎರಡಾಗಿ ಒಡೆಯುತ್ತದೆ. ಮೀವಾಟ್ನ್ ಬಿಟ್ಟು ಅಕುರೇರಿಗೆ ಬರುವಾಗ ವಾದ್ಲಾಹೇದಿ ಸುರಂಗ ಬರುತ್ತದೆ. ಅದರಲ್ಲಿ ಟೋಲ್ ಬೂತ್ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಅವತ್ತೇ ಆನ್‌ಲೈನ್‌ನಲ್ಲಿ ಕಟ್ಟಿಬಿಡಿ. ಬಿಟ್ಟರೆ ಬಿಲ್ ಬಾಡಿಗೆ ಕಂಪನಿಗೆ ಹೋಗಿ, ಅವರ ಶುಲ್ಕವೂ ಸೇರಿ ನಿಮ್ಮ ಕಾರ್ಡಿಗೆ ಬರುತ್ತದೆ. ಪ್ರವಾಸಿ ಜಾಗಗಳ ಎಷ್ಟೋ ಪಾರ್ಕಿಂಗ್‌ಗಳದ್ದೂ ಇದೇ ಕ್ರಮ. ಕಾರು ಕೈಗೆ ಬಂದ ದಿನವೇ ಪಾರ್ಕಾ ಆಪ್‌ನಲ್ಲಿ ನಂಬರ್ ಹಾಕಿಟ್ಟುಕೊಳ್ಳಿ.

ತುಂಗಾತೀರ:
ಸರಿ ಸರ್, ಹಾಗೇ ಮಾಡುತ್ತೇವೆ. ಸೆಲ್ಫಾಸ್ ಒಂದು, ಬೋರ್ಗಾರ್‌ನೆಸ್ ಒಂದು. ವೀಸಾ ಅಪಾಯಿಂಟ್‌ಮೆಂಟ್‌ಗೆ ಇವತ್ತೇ ಕೂರುತ್ತಿದ್ದೇನೆ. ಪರ್ಮಿಟ್‌ಗೆ ಯಜಮಾನರು ಸೋಮವಾರ ಆರ್‌ಟಿಒಗೆ ಹೋಗುತ್ತಾರೆ.